ಕಪ್ಪಿಯ ಸಾಲು

ನಮ್ಮ ಊರಿಗೆ ಬಂದವರ ಕಣ್ಣು ಮೊದಲು ಹೋಗುವುದು ಬಾಗಿಲುಗಳ ಮೇಲೆ. ಒಂದು ಮನೆಯ ಬಾಗಿಲು ಎಂಟಡಿ, ಪಕ್ಕದ ಮನೆಯದು ಐದೂವರೆ, ಅದರಾಚೆಯದು ಏಳು. ಆ ಮನೆಯವರು ಎಲ್ಲಿಗೆ ನಿಂತರೋ ಅಲ್ಲಿಗೆ ಬಾಗಿಲು. ನಮ್ಮಲ್ಲಿ ಯಾರೂ ತಾವಾಗಿ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಹಾಗೇ ಬಿಟ್ಟರೆ ವರ್ಷಕ್ಕೆ ಒಂದು ಬೆರಳಿನಷ್ಟು ಏರುತ್ತಲೇ ಇರುತ್ತೇವೆ, ಉಸಿರಿರುವ ತನಕ. ಸಂಬಂಧ ನೋಡುವಾಗ ಬೇರೆ ಕಡೆ ಜಾತಕ ಕೇಳುತ್ತಾರಂತೆ. ನಮ್ಮಲ್ಲಿ ಕೇಳುವುದು "ಹುಡುಗ ಎಲ್ಲಿಗೆ ನಿಲ್ತಾನಂತೆ?" ಎಂದು. ದರ್ಜಿಗಳು ಮಕ್ಕಳ ಬಟ್ಟೆಯ ಅಂಚಿನಲ್ಲಿ ಗೇಣುದ್ದ ಮಡಿಕೆ ಬಿಡದೆ ಹೊಲಿದರೆ ತಾಯಂದಿರು ಅವರ ಜನ್ಮ ಜಾಲಾಡಿಬಿಡುತ್ತಾರೆ.

ನಾನು ಬೋರಲಿಂಗ. ಊರಿನ ಲ್ಯಾಬಿನಲ್ಲಿ ಗುಳಿಮಣೆ ನೋಡುವವನು. ಗುಳಿಮಣೆ ಎಂದರೆ ಎರಡು ಅಂಗೈ ಅಗಲದ ಒಂದು ತೆಳು ತಟ್ಟೆ, ಅದರಲ್ಲಿ ಸಾಲಿಗೆ ಹನ್ನೆರಡರಂತೆ ಎಂಟು ಸಾಲು ಪುಟ್ಟ ಗುಳಿಗಳು. ಅಜ್ಜಿಯರು ಆಡುವ ಅಳಗುಳಿಮಣೆಯ ಮರಿ ಎಂದುಕೊಳ್ಳಿ. ಮೈಯೊಳಗೆ ನಮ್ಮನ್ನು ಬೆಳೆಸುವ ಒಂದು ರಸವಿದೆ, ಬೆಳೆರಸ. ಅದನ್ನು ಮೇಕೆಗೆ ಚೂರುಚೂರೇ ಚುಚ್ಚುತ್ತ ಬಂದರೆ, ಮೇಕೆಯ ರಕ್ತ ಅದರ ಗುರುತು ಹಿಡಿದುಕೊಂಡು, ಕಂಡಲ್ಲಿ ಅದನ್ನು ಅಪ್ಪಿ ಹಿಡಿಯುವ ಒಂದು ವಸ್ತುವನ್ನು ತಯಾರಿಸುತ್ತದೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಪರಿಮಳಾ ಮೇಡಂ ಅದನ್ನು ಪ್ರತಿಕಾಯ ಎನ್ನುತ್ತಾರೆ. ಊರವರ ಬಾಯಲ್ಲಿ ಅದು ಹಿಡಿಮದ್ದು. ಒಂದೇ ಮದ್ದು, ಎರಡು ಕೆಲಸ. ಗುಳಿಯಲ್ಲಿ ಒಂದು ಹನಿ ಇಟ್ಟರೆ ಬೆಳೆರಸ ಇದೆಯೋ ಇಲ್ಲವೋ ಪತ್ತೆ ಹಚ್ಚುತ್ತದೆ. ಸೂಜಿಯಲ್ಲಿ ತುಂಬಿ ಕೊಟ್ಟರೆ ಮೈಯೊಳಗಿನ ಬೆಳೆರಸವನ್ನೆಲ್ಲ ಕಟ್ಟಿಹಾಕುತ್ತದೆ, ಆಳು ನಿಲ್ಲುತ್ತಾನೆ.

ನಿಲ್ಲುವ ದಿನ ಮನೆಯಲ್ಲಿ ಹಬ್ಬ. ಬಡಗಿ ವೀರಾಚಾರ್ರು ಬಂದು, ನಿಲ್ಲುವವರನ್ನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಡಿಸಿ, ತಲೆಯ ಮೇಲೆ ಅಡಿಪಟ್ಟಿ ಇಟ್ಟು ಉಳಿಯಿಂದ ಒಂದು ಗೆರೆ ಕೆತ್ತುತ್ತಾರೆ. ಗೆರೆಗೆ ಅರಿಸಿನ ತುಂಬಿ, "ಇನ್ನು ಗೆರೆಗೆ ಬೆನ್ನು ಕೊಡಬೇಡ" ಎಂದು ಮೂರು ಸಲ ಹೇಳುತ್ತಾರೆ. ಆಮೇಲೆ ಸೂಜಿ, ಆಮೇಲೆ ಹೋಳಿಗೆ. ಮತ್ತೊಮ್ಮೆ ಗೆರೆಗೆ ಬೆನ್ನು ಕೊಟ್ಟವರ ಆಯುಸ್ಸೂ ಅಲ್ಲಿಗೇ ನಿಲ್ಲುತ್ತದೆ ಎಂಬುದು ನಮ್ಮ ಊರಿನ ನಂಬಿಕೆ. ಸತ್ತ ಮೇಲೆ ಆಚಾರ್ರೇ ಬಂದು ಆ ಗೆರೆಯನ್ನು ಹತ್ತರಿ ಹೊಡೆದು ನುಣ್ಣಗೆ ಮಾಡಿ ಹೋಗುತ್ತಾರೆ. ಹಾಗಾಗಿ ನಿಂತವರು ನಿಂತೇ ಇದ್ದಾರೆಯೇ ಎಂದು ತಿಳಿಯಲು ಊರಿಗಿದ್ದದ್ದು ಒಂದೇ ದಾರಿ: ವರ್ಷಕ್ಕೊಮ್ಮೆ ನನ್ನ ಗುಳಿಮಣೆ. ಬಿಳಿ ಬಂದರೆ ನಿಂತಿದ್ದಾರೆ, ಹಳದಿ ಬಂದರೆ ಬೆಳೆಯುತ್ತಿದ್ದಾರೆ. ನನ್ನನ್ನು ಕಂಡರೆ ಊರವರು ದಾರಿ ಬಿಟ್ಟು ನಿಲ್ಲುತ್ತಿದ್ದರು ಎಂದರೆ ಸುಳ್ಳಲ್ಲ. ನನಗೂ ಅದರ ಜಂಬ ಸಾಕಷ್ಟಿತ್ತು.

ಲ್ಯಾಬಿನ ಮೇಕೆಗಳನ್ನು ಸಾಕುವವಳು ನನ್ನ ಅಕ್ಕ ಹೊನ್ನಮ್ಮ. ನಾನು ನಾಲ್ಕು ವರ್ಷದವನಿದ್ದಾಗ ಅಮ್ಮ ಹೋದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಹೊನ್ನಕ್ಕನೇ ನನ್ನನ್ನು ಎತ್ತಿ ಆಡಿಸಿ, ಬೈದು ಬುದ್ಧಿ ಹೇಳಿ ಸಾಕಿದಳು. ಅವಳು ಮದುವೆಯಾಗಲಿಲ್ಲ. ಕೇಳಿದರೆ "ಒಂದು ಮಗೂನ ಸಾಕಿದ್ದೇ ಸಾಕಾಗಿ ಹೋಯ್ತು" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದಳು. ಐದಡಿಗೆ ನಿಂತವಳು. ನಾನು ನಿಲ್ಲುವ ದಿನ ಇನ್ನೂ ಎರಡು ವರ್ಷ ಬೆಳೆಯುತ್ತೇನೆ ಎಂದು ಹಟ ಹಿಡಿದಾಗ, "ನಿನ್ನ ಕೆನ್ನೆಗೆ ನನ್ನ ಕೈ ಎಟುಕೋ ಹಂಗೆ ನಿಂತ್ಕೋ. ಆಮೇಲೆ ಬಾರಿಸ್ಬೇಕು ಅಂದ್ರೆ ಏಣಿ ಎಲ್ಲಿಂದ ತರ್ಲಿ?" ಎಂದು ನಿಲ್ಲಿಸಿದ್ದಳು. ನಮ್ಮ ಬಾಗಿಲ ಚೌಕಟ್ಟಿನಲ್ಲಿ ಎಡಗಡೆ ಅವಳ ಗೆರೆ, ಬಲಗಡೆ ನನ್ನದು.

ತಿಂಗಳ ಮೊದಲ ದಿನ ಅಕ್ಕ ಲ್ಯಾಬಿಗೆ ಎರಡು ಬಾಟಲಿ ಮೇಕೆ ರಕ್ತ ತಂದುಕೊಡುವಳು. ಒಂದು ಪಟ್ಟದರಸಿ ಎಂಬ ಕೆಂಚು ಮೇಕೆಯದು. ಬೆಳೆರಸ ಚುಚ್ಚಿಸಿಕೊಂಡು, ಹಿಡಿಮದ್ದು ಕೊಡುವವಳು ಅವಳೇ. ಇನ್ನೊಂದು ಬಾಟಲಿ ಕಪ್ಪಿಯದು. ಕಪ್ಪಿಗೆ ಯಾವತ್ತೂ ಏನೂ ಚುಚ್ಚಿಲ್ಲ, ಹಾಯಾಗಿ ಸೊಪ್ಪು ತಿಂದುಕೊಂಡಿರುವುದೇ ಅದರ ಉದ್ಯೋಗ. ಆ ಹೆಸರಿನ ಮೂರನೆಯ ಮೇಕೆ ಅದು.

ಹೋದ ವರ್ಷದ ಹಿಂದಿನ ಕಾರ್ತಿಕದಲ್ಲಿ ಪಟ್ಟದರಸಿ ಒದ್ದು, ತುಂಬಿದ ಬಾಟಲಿ ಅಕ್ಕನ ಕೈಯಲ್ಲೇ ಒಡೆಯಿತು. ಗಾಜು ಅಂಗೈಯನ್ನು ಉದ್ದಕ್ಕೆ ಸೀಳಿತ್ತು. ನಾನು ಓಡಿಹೋದಾಗ ಮೊಣಕೈ ತನಕ ಕೆಂಪು ಮಾಡಿಕೊಂಡು ನಗುತ್ತಿದ್ದಳು. "ಇದ್ರಲ್ಲಿ ನಂದ್ಯಾವುದು, ಅವಳದ್ಯಾವುದು ಅಂತ್ಲೇ ಗೊತ್ತಾಗ್ತಿಲ್ಲ ಕಣೋ ಬೋರ" ಎಂದಳು. ನಾಲ್ಕು ಹೊಲಿಗೆ ಬಿತ್ತು. ಗಾಯ ಮಾಯಿತು, ನಾವು ಮರೆತೆವು.

ಮುಂದಿನ ಯುಗಾದಿಯ ತಪಾಸಣೆಯಲ್ಲಿ ಅಕ್ಕನ ಗುಳಿ ಹಳದಿಯಾಯಿತು.

ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಮೂವತ್ತೆರಡು ವರ್ಷ ಬಿಳಿಯಾಗಿದ್ದ ಗುಳಿ! ಮತ್ತೆ ಮಾಡಿದೆ, ಹಳದಿ. ಇನ್ನೊಮ್ಮೆ ಮಾಡಿದೆ, ಹಳದಿ. ನಮ್ಮಲ್ಲಿ ಹೀಗಾದರೆ ಏನು ಮಾಡಬೇಕೆಂಬುದು ಗೊತ್ತಿರುವುದೇ. ಒಂದು ಸೂಜಿ ಕೊಟ್ಟು ಮೂರು ತಿಂಗಳು ಕಾಯುವುದು. ನಿಲ್ಲದಿದ್ದರೆ ಎರಡರಷ್ಟು. ಅದಕ್ಕೂ ನಿಲ್ಲದಿದ್ದರೆ ಮೂರರಷ್ಟು. ಆ ಮೂರನೆಯ ಸೂಜಿಯ ದಿನವೇ, ಊರಿನ ಕಟ್ಟಳೆ ಕಾಯುವ ಸೂರು ಸಮಿತಿಯವರು ಬಂದು ಬಯಲಿಗೆ ಕರೆದುಕೊಂಡು ಹೋಗುತ್ತಾರೆ. ಬಯಲೆಂದರೆ ಊರಾಚೆಯ ಸೂರಿಲ್ಲದ ಕೇರಿ. ಮದ್ದು ಹಿಡಿಯದವರು ಒಂಬತ್ತು ಜನ ಅಲ್ಲಿದ್ದಾರೆ. ಒಳ್ಳೆಯ ಜನ, ನುಗ್ಗೆಕಾಯಿ ಕೀಳಲು ದೋಟಿ ಬೇಡ, ಅಷ್ಟೆತ್ತರ. ಆದರೆ ಮನೆಯೊಳಗೆ ಹುಟ್ಟಿ ಬೆಳೆದವರಿಗೆ ಆಕಾಶವನ್ನೇ ಹೊದ್ದು ಮಲಗು ಎಂದರೆ ಸುಲಭವೇ? ಅಲ್ಲಿ ಮೇಕೆಗಳನ್ನೂ ಇಟ್ಟುಕೊಳ್ಳುವಂತಿಲ್ಲ.

ಮೊದಲ ಸೂಜಿಗೆ ಅಕ್ಕನ ಮೈಯೆಲ್ಲ ತುರಿಕೆ ಎದ್ದಿತು. ಮೂರು ತಿಂಗಳಾದ ಮೇಲೆ ನೋಡಿದರೆ ಹಳದಿ ಕಡಿಮೆಯಾಗಿರಲಿಲ್ಲ, ಇನ್ನೂ ಗಾಢವಾಗಿತ್ತು. ಎರಡನೆಯ ಸೂಜಿಗೆ ತುಟಿ ಊದಿತು, ಕೀಲುಗಳು ಹಿಡಿದುಕೊಂಡವು, ಎರಡು ದಿನ ಉಸಿರಿಗೆ ಒದ್ದಾಡಿದಳು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅಮ್ಮ ಹೋದಾಗ ನನಗೆ ಬುದ್ಧಿ ತಿಳಿದಿರಲಿಲ್ಲ. ಈಗ ತಿಳಿದಿತ್ತು.

ಊರವರ ಮಾತೋ, ಕೇಳಬೇಡಿ. ಗುಳಿ ಹಳದಿ ಎಂದು ಗೊತ್ತಾದದ್ದೇ ತಡ, ಎಲ್ಲರಿಗೂ ಅಕ್ಕ ಬೆಳೆದಂತೆ ಕಾಣತೊಡಗಿತು. "ಸೀರೆ ಮೇಲಕ್ಕೆ ಹೋಗಿದೆ ನೋಡು" ಎಂದಳು ಎದುರುಮನೆಯವಳು. ಹೊಸ ನೂಲಿನ ಸೀರೆ, ಒಂದು ಒಗೆತಕ್ಕೆ ಕುಗ್ಗಿತ್ತು ಅಷ್ಟೆ. ವೀರಾಚಾರ್ರೇ ಸೂರು ಸಮಿತಿಯ ಯಜಮಾನರು. ಎಪ್ಪತ್ತೆರಡರ ಮನುಷ್ಯ, ನೆಟ್ಟ ನಡೆ, ನೆಟ್ಟ ಮಾತು. ಅವರಿಗೆ ಲೋಕದಲ್ಲಿ ಇದ್ದದ್ದು ಒಂದೇ ಜಗಳ, ಮಡಿವಾಳರ ಮುನಿಯಪ್ಪನ ಜೊತೆ. ಮುನಿಯಪ್ಪ ತಮ್ಮ ಪಂಚೆಗಳನ್ನು ಹಿಂಡಿ ಎಳೆದು ಉದ್ದ ಮಾಡಿಬಿಡುತ್ತಾನೆ, ಹಾಗಾಗಿಯೇ ಅವು ನೆಲ ಗುಡಿಸುತ್ತವೆ ಎಂದು ಹತ್ತು ವರ್ಷದಿಂದ ಬೈಯುತ್ತಿದ್ದರು. ಅಂಥ ಕಣ್ಣಿನವರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏರ್ತಾ ಇದ್ದೀಯಮ್ಮ" ಎಂದುಬಿಟ್ಟರು.

ಅಕ್ಕ ಮಾತ್ರ ಒಪ್ಪಲಿಲ್ಲ. "ಕೊಟ್ಟಿಗೆ ತೊಲೆ ಕೆಳಗೆ ದಿನಾ ಹತ್ತು ಸಲ ಬಗ್ಗಿ ಓಡಾಡ್ತೀನಿ. ನಾನು ಬೆಳೆದಿದ್ರೆ ನನ್ನ ಹಣೆಗೆ ಗೊತ್ತಾಗ್ತಿರ್ಲಿಲ್ವೇನೋ?"

"ಹಂಗಾದ್ರೆ ಗೆರೆ ಹತ್ರ ಒಂದ್ಸಲ ನಿಂತು ನೋಡೇ ಬಿಡೋಣಕ್ಕ."

"ಬಿಡ್ತು ಅನ್ನು! ಬದುಕಿರೋರು ಗೆರೆಗೆ ಬೆನ್ನು ಕೊಡ್ತಾರೇನೋ? ಅಮ್ಮ ಹೆಂಗೆ ಹೋದ್ಳು ಅನ್ಕೊಂಡಿದ್ದೀಯ? ಗೆರೆಗೆ ಒರಗಿ ನಿಂತು ನಿಂಗೆ ತುತ್ತು ತಿನ್ನಿಸ್ತಿದ್ಳು, ಮರೆತು."

ಮೂರನೆಯ ತಪಾಸಣೆಯಲ್ಲಿ ಗುಳಿ ಅರಿಸಿನದ ನೀರಿನಂತೆ ಕಡುಹಳದಿ ಬಂತು. ಸೋಮವಾರ ಬೆಳಗ್ಗೆ ಮೂರರಷ್ಟು ಮದ್ದಿನ ಸೂಜಿ, ಆಮೇಲೆ ಬಯಲು ಎಂದು ನಿಶ್ಚಯವಾಯಿತು. ಬಯಲಿಗಾದರೂ ಊಟ ಹೊತ್ತುಕೊಂಡು ಹೋಗಿ ಬರಬಹುದು. ಆದರೆ ಆ ಸೂಜಿ? ಎರಡಕ್ಕೇ ಉಸಿರು ನಿಂತುಹೋಗುವುದರಲ್ಲಿತ್ತು. ಮೂರಕ್ಕೆ ಏನಾಗುತ್ತದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪರಿಮಳಾ ಮೇಡಂಗೆ ಹೇಳಿದೆ. "ನಂಗೂ ಭಯಾನೇ ಬೋರಲಿಂಗ. ಆದರೆ ಹಳದಿ ಏರ್ತಾ ಇದೆ, ನಾನು ಏನಂತ ತಡೀಲಿ?" ಎಂದರು. ಅವರನ್ನು ಏನೆಂದು ದೂರುವುದು? ಹಳದಿ ಎಂದು ಬರೆದುಕೊಟ್ಟವನು ನಾನೇ.

ಶನಿವಾರ ಅಕ್ಕ ನನ್ನನ್ನು ಕೊಟ್ಟಿಗೆಗೆ ಕರೆದಳು. ಇನ್ನು ಮೇಲೆ ಮೇಕೆಗಳನ್ನು ನೋಡಿಕೊಳ್ಳುವವನು ನಾನಲ್ಲವೇ? ಒಂದೊಂದನ್ನೂ ಮುಟ್ಟಿ ಹೇಳಿದಳು. ಪಟ್ಟದರಸಿಗೆ ಹಿಂದಿನಿಂದ ಹೋಗಬೇಡ. ಕುಂಟಿಗೆ ಹುರುಳಿ ನೆನೆಸಿ ಕೊಡು. ಕೊನೆಗೆ ಕಪ್ಪಿಯ ಕೊರಳು ತುರಿಸುತ್ತ, "ಇದು ಸಾಧು. ಆದ್ರೆ ಒಂದನೇ ತಾರೀಖು ಮಾತ್ರ ಮರೀಬೇಡ. ನಿಂಗೆ ಇದ್ರ ಸಾಲು ಬೇಕಲ್ಲ. ಜ್ವರ ಇದ್ದಾಗ್ಲೂ ನಾನು ಒಂದು ತಿಂಗಳು ತಪ್ಪಿಸಿಲ್ಲ, ನೋಡು. ನನ್ನ ತಮ್ಮನ ಕೆಲಸ ನಿಲ್ಬಾರ್ದು ಅಂತ" ಎಂದಳು.

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಯಾಕೆ ಎಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಗುಳಿಮಣೆಯ ಮೇಲಿನ ಸಾಲುಗಳ ತಳಕ್ಕೆ ಪಟ್ಟದರಸಿಯ ಹಿಡಿಮದ್ದು ಬಳಿಯಬೇಕು. ಅದರ ಮೇಲೆ ಜನರ ರಕ್ತದ ತಿಳಿ. ಅದರ ಮೇಲೆ ಬಣ್ಣ ಕಟ್ಟಿದ ಹಿಡಿಮದ್ದು ಇನ್ನೊಂದು ಹನಿ. ನಡುವೆ ಬೆಳೆರಸವಿದ್ದರೆ ಕೆಳಗಿನದೂ ಮೇಲಿನದೂ ಅದನ್ನು ಹಿಡಿದುಕೊಂಡು ನಿಲ್ಲುತ್ತವೆ, ಗುಳಿ ಹಳದಿಯಾಗುತ್ತದೆ. ಇಲ್ಲದಿದ್ದರೆ ತೊಳೆದಾಗ ಬಣ್ಣ ಹೋಗಿ ಬಿಳಿ. ಕೊನೆಯ ಸಾಲಿಗೆ ಮಾತ್ರ ಪಟ್ಟದರಸಿಯದಲ್ಲ, ಕಪ್ಪಿಯ ತಿಳಿ ಬಳಿಯಬೇಕು. ಬೆಳೆರಸದ ಗುರುತೇ ಇಲ್ಲದ ಮೇಕೆ ಏನನ್ನು ಹಿಡಿದೀತು? ಆ ಸಾಲು ಯಾವಾಗಲೂ ಬಿಳಿ ಇರಲೇಬೇಕು. ನನಗೆ ಕೆಲಸ ಕಲಿಸಿದ ಮರಿಯಣ್ಣ ಸಾಯುವ ಮುಂಚೆ ಹೇಳಿದ್ದ: "ಬೇರೆ ಏನು ಬಿಟ್ರೂ ಕಪ್ಪಿ ಸಾಲು ಬಿಡಬೇಡ ಕಣಯ್ಯ." ಎರಡು ವರ್ಷ ಮಾಡಿದೆ. ದಿನಾ ಬಿಳಿ, ಬಿಳಿ, ಬಿಳಿ. ಬಿಳಿ ಬರುತ್ತದೆಂದು ಗೊತ್ತಿರುವುದನ್ನು ದಿನವೂ ನೋಡುವವನು ಪೆದ್ದ ಎನ್ನಿಸಿ ಬಿಟ್ಟುಬಿಟ್ಟೆ. ಹನ್ನೊಂದು ವರ್ಷವಾಗಿತ್ತು. ಅಕ್ಕ ಜ್ವರದಲ್ಲೂ ತಂದುಕೊಟ್ಟ ಕಪ್ಪಿಯ ಬಾಟಲಿಯನ್ನು ಲ್ಯಾಬಿನ ಹಿಂದಿನ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದೆ. ಊರಿನಲ್ಲೇ ಅಂಥ ಕರಿಬೇವಿರಲಿಲ್ಲ. ಅಕ್ಕ ಸಾರಿಗೆ ಅದನ್ನೇ ಒಗ್ಗರಣೆ ಹಾಕುತ್ತಿದ್ದಳು.

ಬುದ್ಧಿವಂತಿಕೆಯಿಂದ ಏನನ್ನೋ ಕಂಡುಹಿಡಿದೆ ಎಂದು ಹೇಳಿಕೊಳ್ಳಲಾರೆ. ನಾಚಿಕೆಯಿಂದ ಮಾಡಿದೆ. ಅವಳು ಹೋಗುವ ಮುಂಚೆ ಒಂದು ಸಲವಾದರೂ ಅವಳ ಬಾಟಲಿಗೆ ಮರ್ಯಾದೆ ಸಿಗಲಿ ಎಂದು, ಭಾನುವಾರ ಬೆಳಗ್ಗೆ ಲ್ಯಾಬಿನ ಬೀಗ ತೆಗೆದು, ಇನ್ನೂ ಸುರಿಯದೆ ಉಳಿದಿದ್ದ ಆ ತಿಂಗಳ ಬಾಟಲಿಯಿಂದ ಕಪ್ಪಿಯ ಸಾಲನ್ನು ಬಳಿದೆ. ಆ ವಾರದ ಹನ್ನೊಂದು ಜನರ ತಿಳಿ, ಹನ್ನೆರಡನೆಯದು ಅಕ್ಕನದು. ಬಣ್ಣ ಹಾಕಿ, ಬೀಡಿ ಸೇದಲು ಹೊರಗೆ ಹೋದೆ. ಬಂದು ತೊಳೆದು ನೋಡುತ್ತೇನೆ, ಹನ್ನೊಂದು ಗುಳಿ ಹಾಲಿನಂತೆ ಬಿಳಿ. ಹನ್ನೆರಡನೆಯದು ಕಡುಹಳದಿ.

ಏನನ್ನೂ ಹಿಡಿಯಲು ಬಾರದ ಮೇಕೆಯ ತಿಳಿ ಅಕ್ಕನ ರಕ್ತದಲ್ಲಿ ಏನನ್ನು ಹಿಡಿಯಿತು? ಹಿಡಿದದ್ದು ಮೇಕೆಯಲ್ಲ, ಅಕ್ಕನ ರಕ್ತವೇ. ಅಂಗೈಯ ಹೊಲಿಗೆ ಜ್ಞಾಪಕಕ್ಕೆ ಬಂತು. "ನಂದ್ಯಾವುದು, ಅವಳದ್ಯಾವುದು" ಎಂದು ನಕ್ಕಿದ್ದು ಜ್ಞಾಪಕಕ್ಕೆ ಬಂತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಮೇಡಂ ಮನೆಗೆ ಓಡಿದೆ.

ಪರಿಮಳಾ ಮೇಡಂ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರು. ಹಾಗೇ ಬಂದರು. ಗುಳಿಮಣೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹೊನ್ನಮ್ಮನ ರಕ್ತ ಮೇಕೇನ ಗುರುತು ಹಿಡಿದುಬಿಟ್ಟಿದೆ. ಮೇಕೆಗೆ ನಾವು ಏನು ಕಲಿಸಿದ್ವೋ ಅದನ್ನೇ ಮೇಕೆ ಇವರಿಗೆ ಕಲಿಸಿದೆ. ಕೆಳಗೆ ಬಳಿದದ್ದೂ ಮೇಕೇದು, ಮೇಲೆ ಹಾಕಿದ ಬಣ್ಣಾನೂ ಮೇಕೇದು, ಇವರ ರಕ್ತ ಎರಡನ್ನೂ ತಾನೇ ಹಿಡ್ಕೊಂಡು ನಿಂತಿದೆ. ನಡುವೆ ಬೆಳೆರಸ ಇರಲೇಬೇಕು ಅಂತಿಲ್ಲ" ಎಂದರು. ಆಮೇಲೆ ಗುಳಿಮಣೆಯನ್ನು ಕೆಳಗಿಟ್ಟರು. "ಅಯ್ಯೋ ದೇವರೇ, ಸೂಜೀನೂ ಮೇಕೇದೇ ಅಲ್ವಾ? ಕೊಟ್ಟ ಹಾಗೆಲ್ಲ ಹಳದಿ ಏರಿದ್ದು ಅದಕ್ಕೇ. ನಾಳೆ ಕೊಟ್ಟಿದ್ರೆ ನನ್ನ ಕೈಯಾರ ಅವರನ್ನ ಕೊಂದುಬಿಡ್ತಿದ್ದೆ."

ಹನ್ನೊಂದು ವರ್ಷದ ವಿಷಯವನ್ನು ಅವರಿಗೂ ಹೇಳಿದೆ. ಅವರು ಬೈಯಲಿಲ್ಲ. "ನಾಳೆ ಎಲ್ಲರ ಎದುರು ಹೇಳು" ಎಂದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಸೋಮವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ಅರ್ಧ ಊರೇ ಸೇರಿತ್ತು. ಅಕ್ಕ ಒಂದು ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಭಾನುವಾರವೇ ಅವಳಿಗೆ ಸೂಜಿ ಇಲ್ಲ ಎಂದು ಹೇಳಿದ್ದೆ, ಆದರೆ ಗಂಟು ಬಿಚ್ಚಿರಲಿಲ್ಲ. ವೀರಾಚಾರ್ರು ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸಮಿತಿಯ ಕೋಲು ಹಿಡಿದು ನಿಂತರು. ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ನಾನು ನನ್ನ ಪಾಲಿನದನ್ನು ಹೇಳಿದೆ, ಕರಿಬೇವಿನ ಸಮೇತ. ಜನ ಗುಸುಗುಸು ಎಂದರು. ಅಕ್ಕ ನನ್ನ ಕಡೆ ತಿರುಗಿದಳು.

"ಹನ್ನೊಂದು ವರ್ಷ ಆ ಮೂಕಪ್ರಾಣಿಗೆ ಚುಚ್ಚಿ ಚುಚ್ಚಿ ತಂದುಕೊಟ್ಟೆನಲ್ಲೋ, ಪಾಪಿ" ಎಂದಳು.

ವೀರಾಚಾರ್ರು ಮೇಡಂ ಕಡೆ ತಿರುಗಿ ಕೋಲು ಕುಟ್ಟಿದರು. "ಆಯ್ತು ಕಣಮ್ಮ. ಹಳದಿ ಸುಳ್ಳು ಅಂತೀರಿ, ಸೂಜಿ ಬೇಡ ಅಂತೀರಿ, ಒಪ್ಕೊಂಡೆ. ಹೊನ್ನಮ್ಮ ಬೆಳೀತಿಲ್ಲ ಅಂತ ಯಾರು ಹೇಳೋರು? ನಿಮ್ಮ ಗುಳಿ ಹೇಳುತ್ತಾ?"

ಮೇಡಂ ತಲೆ ತಗ್ಗಿಸಿದರು. "ಇಲ್ಲ ಆಚಾರ್ರೇ. ಇವರ ವಿಷಯದಲ್ಲಿ ನಮ್ಮ ಮದ್ದಿಗೆ ಕಣ್ಣಿಲ್ಲ. ಬೆಳೀತಿದ್ದಾರೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ."

"ಹಂಗಾದ್ರೆ ಕಟ್ಟಳೆ ಕಟ್ಟಳೆನೇ. ಬಿಳಿ ತೋರಿಸದವರು ಸೂರಿನ ಕೆಳಗೆ ಇರೋ ಹಂಗಿಲ್ಲ. ನಂಗೂ ಹೊಟ್ಟೆ ಉರಿಯುತ್ತೆ ತಾಯಿ, ಏನ್ಮಾಡ್ಲಿ?" ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಅಕ್ಕನ ಗೆರೆ ಕೆತ್ತಿದವರೂ ಅವರೇ.

ಅಕ್ಕ ಗಂಟು ಎತ್ತಿಕೊಂಡು ಎದ್ದಳು. ಒಳಗೆ ಕಪ್ಪಿ ಅರಚಿತು. ನನಗೆ ಏನಾಯಿತೋ ತಿಳಿಯದು. ಗುಳಿ ಕುರುಡಾದರೆ ಈ ಊರಿನಲ್ಲಿ ನಿಜ ಹೇಳುವ ಇನ್ನೊಂದು ವಸ್ತು ನಮ್ಮ ಬಾಗಿಲಲ್ಲೇ ಇತ್ತು, ಪ್ರತಿ ಹಬ್ಬಕ್ಕೂ ಅರಿಸಿನ ಹಚ್ಚಿಸಿಕೊಂಡು, ಯಾರೂ ಏನೂ ಕೇಳದೆ. ನಾನು ನೆಟ್ಟಗೆ ಹೋಗಿ ಬಲಗಡೆಯ ಚೌಕಟ್ಟಿಗೆ, ನನ್ನ ಗೆರೆಗೆ, ಬೆನ್ನು ಕೊಟ್ಟು ನಿಂತುಬಿಟ್ಟೆ.

ಹೆಂಗಸರು ಕಿರುಚಿದರು. ವೀರಾಚಾರ್ರು ಕಣ್ಣು ಮುಚ್ಚಿಕೊಂಡರು. ಮೇಡಂ ಕೈಯಲ್ಲಿದ್ದ ಪುಸ್ತಕವನ್ನು ನನ್ನ ತಲೆಯ ಮೇಲೆ ಇಟ್ಟು, ತಿರುಗಿ ನೋಡು ಎಂದರು. ಪುಸ್ತಕ ಗೆರೆಗೆ ಸರಿಯಾಗಿ ಕೂತಿತ್ತು. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳುತ್ತಿದೆ ಎಂದರೆ ಬದುಕಿದ್ದೇನೆ ಎಂದು ತಾನೇ?

ಫಟೀರನೆ ಕೆನ್ನೆಗೆ ಬಿತ್ತು. ಅಕ್ಕ ಗಂಟು ಎಸೆದು ಓಡಿಬಂದಿದ್ದಳು. "ಸಾಯೋಕೆ ನಿಂತಿದ್ದೀಯೇನೋ ಮುಂಡೇದೇ! ನಿನ್ನ ಸಾಕಿದ್ದು ಇದಕ್ಕೇನಾ?" ಎಂದು ಬೈಯುತ್ತಲೇ ನನ್ನ ಮುಖ, ಎದೆ, ಕೈ ಎಲ್ಲವನ್ನೂ ತಡವಿ ನೋಡಿದಳು. ಬೆಚ್ಚಗಿದ್ದೆ. ಉಸಿರಾಡುತ್ತಿದ್ದೆ. ಕೆನ್ನೆ ಉರಿಯುತ್ತಿತ್ತು.

"ಏನೂ ಆಗಿಲ್ಲಕ್ಕ. ಅಮ್ಮಂಗೆ ಜ್ವರ ಬಂದಿತ್ತು, ಅದಕ್ಕೆ ಹೋದ್ಳು. ಗೆರೆಯಿಂದ ಅಲ್ಲ" ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತುರುಬು ಬಿಚ್ಚಿ ಕೂದಲು ಇಳಿಬಿಟ್ಟಳು. "ಆಚಾರ್ರೇ, ಗೆರೆ ನಿಮ್ದು. ಪುಸ್ತಕ ಗಿಸ್ತಕ ನಂಗೆ ಬೇಡ. ಅಡಿಪಟ್ಟಿ ತಗೊಂಡ್ಬನ್ನಿ" ಎಂದು ಎಡಗಡೆಯ ಚೌಕಟ್ಟಿಗೆ ಬೆನ್ನು ಕೊಟ್ಟಳು. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ನನ್ನ ಕೈ ಹಿಡಿದಿದ್ದಳು. ಆ ಹೊಲಿಗೆಯ ಗುರುತು ನನ್ನ ಅಂಗೈಗೆ ಒತ್ತುತ್ತಿತ್ತು.

ವೀರಾಚಾರ್ರು ಸೊಂಟದ ಅಡಿಪಟ್ಟಿ ತೆಗೆದರು. ಅಕ್ಕನ ತಲೆಯ ಮೇಲೆ ಅಡ್ಡಲಾಗಿ ಇಟ್ಟು, ಚೌಕಟ್ಟಿಗೆ ತಾಗಿಸಿ, ಬಗ್ಗಿ ನೋಡಿದರು. ತೆಗೆದರು. ಮತ್ತೆ ಇಟ್ಟರು. ಮೂರನೆಯ ಸಲ ಇಟ್ಟು, ಹೆಬ್ಬೆರಳಿನಿಂದ ಗೆರೆಯ ಅರಿಸಿನ ಕೆರೆದು ನೋಡಿದರು.

"ಎಷ್ಟು ಮೇಲಿದೆ ಹೇಳಿಬಿಡಿ" ಎಂದಳು ಅಕ್ಕ, ಕಣ್ಣು ಬಿಡದೆ.

"ಮೇಲಿಲ್ಲ."

"ಸರಿಯಾಗಿದೆಯಾ?"

"ಸರೀನೂ ಇಲ್ಲ ಕಣಮ್ಮ. ಕೆಳಗಿದೆ. ಒಂದು ಬೆರಳು ಕೆಳಗಿದ್ದೀಯ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ನಮ್ಮ ಊರಿನಲ್ಲಿ ಮನುಷ್ಯರು ಬೆಳೆಯುತ್ತಾರೆ ಅಥವಾ ನಿಲ್ಲುತ್ತಾರೆ, ಮೂರನೆಯದೊಂದು ಇದೆ ಎಂದು ಯಾರಿಗೆ ಗೊತ್ತಿತ್ತು? ಅಳೆದು ನೋಡಿದ್ದರೆ ತಾನೇ. ಅಕ್ಕ ಕಣ್ಣು ಬಿಟ್ಟು ತಿರುಗಿ ನೋಡಿದಳು. ಹಳೆಯ ಗೆರೆ ಅವಳ ತಲೆಗಿಂತ ಒಂದು ಬೆರಳು ಮೇಲೆ, ಅರಿಸಿನ ಮೆತ್ತಿಕೊಂಡು ಕೂತಿತ್ತು.

"ನಾನು ಕುಗ್ಗಿದ್ದೀನೇನೋ ಬೋರ?"

"ಹೌದಕ್ಕ."

"ಅಯ್ಯೋ ನನ್ನ ಕರ್ಮವೇ" ಎಂದು ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದಳು. ಅವಳು ನಕ್ಕರೆ ಯಾರೂ ಸುಮ್ಮನಿರಲಾಗದು. ಮೇಡಂ ನಕ್ಕರು, ಎದುರುಮನೆಯವಳೂ ನಕ್ಕಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ನಗದೆ ಇದ್ದವರು ವೀರಾಚಾರ್ರು ಒಬ್ಬರೇ. ಅವರು ತಮ್ಮ ಕೈಯಲ್ಲಿ ಎತ್ತಿ ಹಿಡಿದಿದ್ದ ಪಂಚೆಯನ್ನು ನೋಡುತ್ತಿದ್ದರು. ನಿಧಾನವಾಗಿ ಬಿಟ್ಟರು. ಅದು ಬಂದು ನೆಲದ ಮೇಲೆ ಮೂರು ಬೆರಳಿನಷ್ಟು ಹರಡಿಕೊಂಡಿತು. ಅದನ್ನೇ ನೋಡಿ, "ಹಂಗಾದ್ರೆ ಮುನಿಯಪ್ಪ ಎಳೀತಿರ್ಲಿಲ್ವೇನೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಗುಂಪಿನ ಹಿಂದಿನಿಂದ ಮುನಿಯಪ್ಪನ ದನಿ ಬಂತು: "ಹತ್ತು ವರ್ಷದಿಂದ ಅದನ್ನೇ ತಾನೇ ಬುದ್ಧೀ ನಾನು ಬಡ್ಕೊಳ್ತಾ ಇರೋದು!" ಆಗ ಆಚಾರ್ರೂ ನಕ್ಕರು. ಸಮಿತಿಯ ಕೋಲನ್ನು ನಮ್ಮ ಜಗಲಿಯ ಮೇಲೇ ಮರೆತು ಮನೆಗೆ ಹೋದರು. ಅವರು ತಮ್ಮ ಗೆರೆಗೆ ಬೆನ್ನು ಕೊಟ್ಟಾಗ ಅವರ ಹೆಂಡತಿ ಹಾಕಿದ ಕೂಗು ನಾಲ್ಕು ಬೀದಿಗೆ ಕೇಳಿಸಿತು. ಮಾರನೆಯ ದಿನ ಅವರೇ ಎಲೆ ಅಡಿಕೆ ತೆಗೆದುಕೊಂಡು ಮುನಿಯಪ್ಪನ ಮನೆಗೆ ಹೋಗಿ ಬಂದರು.

ಆ ವಾರವೇ ಮೇಡಂ ಮತ್ತು ನಾನು ಬಯಲಿಗೆ ಹೋಗಿ ಅಲ್ಲಿನ ಒಂಬತ್ತು ಜನರ ರಕ್ತ ತಂದೆವು. ಹನ್ನೊಂದು ವರ್ಷದಲ್ಲಿ ನನ್ನ ಸೋಮಾರಿತನ ಯಾರನ್ನಾದರೂ ಸುಮ್ಮಸುಮ್ಮನೆ ಮನೆ ಬಿಡಿಸಿದೆಯೋ ಎಂಬ ದಿಗಿಲಿನಿಂದ ಊಟ ಸೇರುತ್ತಿರಲಿಲ್ಲ. ಕಪ್ಪಿಯ ಸಾಲಿನಲ್ಲಿ ಒಂಬತ್ತೂ ಬಿಳಿ ಬಂತು. ಅವರದು ನಿಜವಾದ ಹಳದಿಯೇ. ಆ ಬಿಳಿಯನ್ನು ಕಂಡು ಕೈಮುಗಿದೆ. ಆದರೆ ಅವರ ಜೊತೆ ಕೂತು ಮಾತಾಡಿದ ಮೇಲೆ ಮೇಡಂಗೆ ಇನ್ನೊಂದು ಯೋಚನೆ ಹತ್ತಿದೆ. ಮೇಕೆಯ ಮದ್ದು ಹಿಡಿಯದವರಿಗೆ ಬೇರೆ ಪ್ರಾಣಿಯ ಮದ್ದು ಹಿಡಿಯಬಾರದೇಕೆ ಎಂದು ಎರಡು ಮೊಲ ತಂದಿದ್ದಾರೆ. ಅವುಗಳನ್ನು ಸಾಕುತ್ತಿರುವವಳೂ ಅಕ್ಕನೇ. ಈಗ ಕೈಗೆ ದಪ್ಪ ರಬ್ಬರಿನ ಗವಸು ಹಾಕಿಕೊಳ್ಳದಿದ್ದರೆ ಮೇಡಂ ಕೊಟ್ಟಿಗೆಗೆ ಬಿಡುವುದಿಲ್ಲ.

ಈಗ ಊರಿನಲ್ಲಿ ಯುಗಾದಿಯ ದಿನ ಮುದುಕ ಮುದುಕಿಯರೆಲ್ಲ ಗೆರೆಗೆ ಬೆನ್ನು ಕೊಡುತ್ತಾರೆ. "ನಂದು ಒಂದೂವರೆ ಬೆರಳು", "ನಂದು ಎರಡು, ನೀನಿನ್ನೂ ಚಿಕ್ಕವಳು ಬಿಡೇ" ಎಂದು ಬೀದಿಯಲ್ಲಿ ಜಂಬ ಕೊಚ್ಚಿಕೊಳ್ಳುವುದನ್ನು ಕೇಳಬೇಕು. ನಾನು ದಿನಾ ಎಲ್ಲಕ್ಕಿಂತ ಮೊದಲು ಕಪ್ಪಿಯ ಸಾಲನ್ನೇ ಬಳಿಯುತ್ತೇನೆ. ಕರಿಬೇವು ಸ್ವಲ್ಪ ಸೊರಗಿದೆ.

ಮೊನ್ನೆ ಯುಗಾದಿಗೆ ಅಕ್ಕ ಮತ್ತೆ ನಿಂತಳು. ಅಡಿಪಟ್ಟಿ ಹಿಡಿದವನು ನಾನೇ. ಇನ್ನೊಂದು ಕೂದಲೆಳೆ ಇಳಿದಿದ್ದಳು. ಅವಳು ತಿರುಗಿ ತನ್ನ ಗೆರೆ ನೋಡಿದಳು, ನನ್ನ ಗೆರೆ ನೋಡಿದಳು, ಆಮೇಲೆ ಕತ್ತೆತ್ತಿ ನನ್ನ ಮುಖ ನೋಡಿದಳು.

"ಬೆಳೆಯೋದಕ್ಕೆ ಮದ್ದು ಮಾಡಿದ್ದೀರಲ್ಲ, ಕುಗ್ಗೋದಕ್ಕೆ ಏನಾದ್ರೂ ಇದೆಯೇನೋ?"

"ಇಲ್ಲಕ್ಕ. ಏನೂ ಇಲ್ಲ."

ಅವಳು ಹಿಮ್ಮಡಿ ಎತ್ತಿ, ತುದಿಗಾಲಿನಲ್ಲಿ ನಿಂತು, ನನ್ನ ಕೆನ್ನೆಯನ್ನು ಎರಡು ಸಲ ತಟ್ಟಿದಳು.

"ಬೇಡ ಬಿಡು. ಇನ್ನೂ ಎಟುಕುತ್ತೆ."